ನ್ಯಾಸರಕ್ಷಣೆಯೂ ಪರಿಗ್ರಹಪರಿಮಾಣ ವ್ರತವೂ

ಶ್ರಾವಕನ ಹನ್ನೆರಡು ವ್ರತಗಳ ಪೈಕಿ ಸಮಾಜದಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಆಹಾರಕ್ಕೆ ಸಂಬಂಧಪಟ್ಟ ನಿಯಮಗಳು. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ, ರಾತ್ರಿಭೋಜನ ತ್ಯಾಗ, ಕಂದಮೂಲ ವರ್ಜನೆ ಇವುಗಳ ವಿಧಿಯನ್ನು ಮನೆಯ ಮಕ್ಕಳೂ ಬಲ್ಲರು. ಪರಿಗ್ರಹಪರಿಮಾಣ ವ್ರತದ ಮಾತು ಬಂದಾಗ ಮಾತ್ರ ಹಿರಿಯರೂ ಮೌನವಾಗುವುದುಂಟು. ಏಕೆಂದರೆ ಆ ವ್ರತದ ಪರೀಕ್ಷೆ ನಡೆಯುವುದು ಲೆಕ್ಕದ ಪುಸ್ತಕದ ಮುಂದೆ, ನೋಂದಣಿ ಕಚೇರಿಯಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯ ಮೇಲೆ. ಅಂತಹ ಪರೀಕ್ಷೆಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಲಾಗಿದೆ.

ಒಂದು ಮನೆಯಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗಳೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಬಹುದು. ವಯಸ್ಸು ಮೂವತ್ತೈದು ದಾಟಿದೆ. ತಾಯಿ ಈಗಾಗಲೇ ತೀರಿಕೊಂಡಿದ್ದಾಳೆ. ತಂದೆ ಹಾಸಿಗೆ ಹಿಡಿದಿದ್ದಾನೆ. ಮಗಳ ಪಾಲಿಗೆ ಒಂದು ಮನೆ, 3 ಎಕರೆ ಅಡಕೆ ತೋಟ, ಬ್ಯಾಂಕಿನಲ್ಲಿ 18 ಲಕ್ಷ ರೂಪಾಯಿ ಠೇವಣಿ ಉಳಿಯಲಿದೆ. ಇದನ್ನು ಆಕೆಯ ಜೀವಿತಕಾಲವೆಲ್ಲ ಟ್ರಸ್ಟಿಯಾಗಿ ನೋಡಿಕೊಳ್ಳಬೇಕೆಂದು ತಂದೆಯು ತನ್ನ ತಮ್ಮನನ್ನು ಕೇಳುತ್ತಾನೆ. ತಮ್ಮನು ವ್ರತಿಕ. ಮುನಿಮಹಾರಾಜರ ಸನ್ನಿಧಿಯಲ್ಲಿ ಪರಿಗ್ರಹಕ್ಕೆ ಮಿತಿ ಹಾಕಿಕೊಂಡವನು: ಒಂದು ಮನೆ, 4 ಎಕರೆ ಭೂಮಿ, 10 ಲಕ್ಷ ರೂಪಾಯಿ. ಮುಂದಿನ ಪ್ರತಿಮೆಗಳಿಗೆ ಏರಬೇಕೆಂಬ ಭಾವನೆಯೂ ಅವನಿಗಿದೆ. ಅಣ್ಣನ ಮಾತಿಗೆ ಅವನು ಏನು ಉತ್ತರ ಕೊಡಬೇಕು?

ಸಮಾಜದಲ್ಲಿ ಇದಕ್ಕೆ ಎರಡು ಉತ್ತರಗಳು ಕೇಳಿಬರುತ್ತವೆ. ವ್ರತಿಯಾದವನು ಪರರ ಸೊತ್ತಿನ ಭಾರವನ್ನು ತಲೆಯ ಮೇಲೆ ಹೊರಬಾರದು, ಅದರಿಂದ ಆರಂಭ ಹೆಚ್ಚುತ್ತದೆ, ರಾಗದ್ವೇಷ ಬೆಳೆಯುತ್ತದೆ, ಕೊನೆಗೆ ಅಪವಾದವೂ ತಪ್ಪದು ಎನ್ನುವುದು ಒಂದು. ಅಸಹಾಯಕಳಾದ ಅಣ್ಣನ ಮಗಳನ್ನು ಕಾಯದವನು ಎಷ್ಟು ಉಪವಾಸ ಮಾಡಿ ಏನು ಫಲ ಎನ್ನುವುದು ಇನ್ನೊಂದು. ಎರಡಕ್ಕೂ ಆಗಮದ ಆಧಾರವಿದೆ. ಆದ್ದರಿಂದಲೇ ಇಲ್ಲಿ ಭಾವಾವೇಶಕ್ಕಿಂತ ವಿವೇಕ ಹೆಚ್ಚು ಬೇಕಾಗುತ್ತದೆ.

ಮೊದಲು ತಿಳಿಯಬೇಕಾದದ್ದು ಆ ಸೊತ್ತಿನ ಸ್ವರೂಪ. ಹಿಂದಿನ ಕಾಲದ ಧರ್ಮಶಾಸ್ತ್ರಗಳು ಹುಟ್ಟು ಕುರುಡ, ಕಿವುಡ, ಮೂಗ, ಬುದ್ಧಿವಿಕಲ ಮುಂತಾದವರಿಗೆ ದಾಯಭಾಗದಲ್ಲಿ ಹಕ್ಕಿಲ್ಲವೆಂದು ಹೇಳಿ, ಅನ್ನವಸ್ತ್ರ ಕೊಟ್ಟು ಪೋಷಿಸಬೇಕೆಂದು ವಿಧಿಸಿದ್ದವು. 1928ರಲ್ಲಿ ಬಂದ ಕಾಯಿದೆಯು ಈ ನಿಷೇಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿತಾದರೂ ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅದರ 28ನೆಯ ಪ್ರಕರಣದ ಪ್ರಕಾರ ರೋಗ, ನ್ಯೂನತೆ, ಅಂಗವೈಕಲ್ಯ ಯಾವುದೂ ಉತ್ತರಾಧಿಕಾರಕ್ಕೆ ಅಡ್ಡಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇನ್ನೂ ಮುಂದೆ ಹೋಗಿ, ಇತರರಂತೆಯೇ ಆಸ್ತಿಯನ್ನು ಹೊಂದುವ, ಪಿತ್ರಾರ್ಜಿತವನ್ನು ಪಡೆಯುವ, ತಮ್ಮ ಹಣಕಾಸಿನ ಮೇಲೆ ಹತೋಟಿ ಇಟ್ಟುಕೊಳ್ಳುವ ಹಕ್ಕು ವಿಕಲಚೇತನರಿಗೂ ಉಂಟೆಂದು 13ನೆಯ ಪ್ರಕರಣದಲ್ಲಿ ಹೇಳಿದೆ.

ಇದರಿಂದ ಧರ್ಮದೃಷ್ಟಿಯಲ್ಲಿಯೂ ಒಂದು ದೊಡ್ಡ ವ್ಯತ್ಯಾಸವಾಗುತ್ತದೆ. ಹಿಂದೆ ಚಿಕ್ಕಪ್ಪನು ಆಕೆಗೆ ಇಕ್ಕುತ್ತಿದ್ದ ಅನ್ನ ಅವನ ದಯೆಯಾಗಿತ್ತು. ಇಂದು ಆಕೆ ಉಣ್ಣುವುದು ತನ್ನದೇ ತೋಟದ ಅನ್ನ. ಆಕೆಯ ಸೊತ್ತಿನಿಂದ ಆಕೆಯನ್ನು ಪೋಷಿಸಿ ‘ನಾನು ಸಾಕಿದೆ’ ಎನ್ನುವ ಟ್ರಸ್ಟಿಯ ಮಾತು ಸತ್ಯಕ್ಕೆ ದೂರ. ಅವನು ಕೊಡಬಹುದಾದ ದಾನವೊಂದಿದ್ದರೆ ಅದು ತನ್ನ ಸಮಯ, ಶ್ರಮ ಮತ್ತು ಎಚ್ಚರ.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯ ದತ್ತಿಗಳನ್ನು ನಿರೂಪಿಸಿದ್ದಾರೆ. ಗೃಹಸ್ಥನು ತನ್ನ ಧನವನ್ನೂ ಧರ್ಮವನ್ನೂ ಸಂತತಿಗೆ ಒಪ್ಪಿಸಿ ನಿವೃತ್ತನಾಗುವುದು ಅನ್ವಯದತ್ತಿ. ಸಾಮಾನ್ಯವಾಗಿ ಧನವೂ ಭಾರವೂ ಒಬ್ಬನಿಗೇ ಸಲ್ಲುತ್ತವೆ. ಈ ಮನೆಯಲ್ಲಿ ಧನವು ಮಗಳಿಗೆ, ಭಾರವು ತಮ್ಮನಿಗೆ. ಫಲವಿಲ್ಲದ ಭಾರವನ್ನು ಹೊರಲು ಕೇಳುವುದರಿಂದಲೇ ಈ ಕೋರಿಕೆ ಕಷ್ಟದ್ದು. ಅದರಿಂದಲೇ ಅದು ವ್ರತಿಗೆ ಯೋಗ್ಯವಾದದ್ದೂ ಆಗಬಹುದು.

ಇನ್ನು ಮುಖ್ಯ ಶಂಕೆ. 10 ಲಕ್ಷದ ಮಿತಿ ಹಾಕಿಕೊಂಡವನು 18 ಲಕ್ಷದ ಠೇವಣಿಗೆ ಸಹಿ ಹಾಕುವವನಾದರೆ ವ್ರತಭಂಗವಾಗುವುದಿಲ್ಲವೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ಮೂರ್ಛೆಯೆಂದು ಗುರುತಿಸಿದ್ದಾರೆ. ಮೂರ್ಛೆಯೆಂದರೆ ಮಮತ್ವಭಾವ. ಬ್ಯಾಂಕಿನ ಖಜಾನೆಯ ಗುಮಾಸ್ತನು ದಿನವೂ ಲಕ್ಷಗಟ್ಟಲೆ ಎಣಿಸುತ್ತಾನೆ. ಸಂಜೆ ಬೀಗ ಹಾಕಿ ಬುತ್ತಿಯ ಡಬ್ಬಿ ಹಿಡಿದು ಮನೆಗೆ ಹೋಗುತ್ತಾನೆ. ಎಣಿಸಿದ ಹಣ ಅವನ ಪರಿಗ್ರಹವಾಗಲಿಲ್ಲ. ಕೈಯಲ್ಲಿ ಬಿಡಿಗಾಸಿಲ್ಲದವನು ನೆರೆಯವನ ತೋಟವನ್ನು ಮನಸ್ಸಿನಲ್ಲಿ ಉಳುತ್ತಾ ಕುಳಿತರೆ ಅವನು ಪರಿಗ್ರಹಿಯೇ. ಈ ನ್ಯಾಯದಿಂದ ಅಣ್ಣನ ಮಗಳ ಸೊತ್ತು ತಮ್ಮನ ಪರಿಮಾಣದೊಳಗೆ ಸೇರತಕ್ಕದ್ದಲ್ಲ.

ಆದರೆ ಈ ಸಮಾಧಾನ ತೀರ ಸುಲಭವಾದದ್ದು. ‘ನನಗೆ ಮಮತ್ವವಿಲ್ಲ’ ಎಂದು ಯಾರು ಬೇಕಾದರೂ ಹೇಳಬಹುದು. ಒಳಗಿನ ಮೂರ್ಛೆಯನ್ನು ತಕ್ಕಡಿಯಲ್ಲಿ ತೂಗಲು ಬಾರದೆಂಬ ಕಾರಣದಿಂದಲೇ ಅಣುವ್ರತಿಗೆ ಎಕರೆ, ರೂಪಾಯಿ, ತೊಲಗಳಲ್ಲಿ ಹೊರಗಿನ ಮಿತಿಯನ್ನು ಹೇಳಲಾಗಿದೆ. ಜೊತೆಗೆ ಕಾನೂನಿನ ಒಂದು ತೊಡಕೂ ಇದೆ. 1882ರ ಭಾರತೀಯ ನ್ಯಾಸ ಅಧಿನಿಯಮದ ಪ್ರಕಾರ ನ್ಯಾಸವೆಂದರೆ ಸೊತ್ತಿನ ಒಡೆತನಕ್ಕೆ ಅಂಟಿಕೊಂಡಿರುವ ಒಂದು ಬಾಧ್ಯತೆ. ಒಡೆತನವು ಕಾಗದದ ಮೇಲೆ ಟ್ರಸ್ಟಿಯದಾಗುತ್ತದೆ, ಫಲವು ಇನ್ನೊಬ್ಬರದಾಗುತ್ತದೆ. ಆದ್ದರಿಂದ ವ್ರತಿಯ ಅಂಜಿಕೆ ನಿರಾಧಾರವೆನ್ನುವಂತಿಲ್ಲ.

ಹಾಗಾದರೆ ಹೊರಗಿನ ಗುರುತು ಯಾವುದು? ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಫಲವನ್ನು ಉಣ್ಣುವವರು ಯಾರು? ಲೆಕ್ಕವನ್ನು ಕೇಳುವವರು ಯಾರು? ಟ್ರಸ್ಟಿಯು ಸತ್ತರೆ ಅದು ಯಾರಿಗೆ ಸಲ್ಲುತ್ತದೆ? ಮೂರಕ್ಕೂ ‘ಟ್ರಸ್ಟಿಯಲ್ಲ, ಅವನ ಮಕ್ಕಳೂ ಅಲ್ಲ’ ಎಂಬ ಉತ್ತರ ಬಂದರೆ ಆ ಸೊತ್ತು ಅವನ ಪರಿಮಾಣದ ಹೊರಗೆ ನಿಲ್ಲುತ್ತದೆ. ಒಂದಕ್ಕಾದರೂ ಉತ್ತರ ತಡವರಿಸಿದರೆ ಅಲ್ಲಿ ಅತಿಚಾರದ ಬಾಗಿಲು ತೆರೆದಿದೆ ಎಂದೇ ತಿಳಿಯಬೇಕು. ಇದಕ್ಕೆ ವಿಪರೀತವಾದ ದೋಷವೊಂದನ್ನೂ ಹೇಳಬೇಕಾಗಿದೆ. ಮಿತಿ ಮೀರಿದ ತನ್ನ ಭೂಮಿಯನ್ನೋ ಹಣವನ್ನೋ ಅಣ್ಣನ ಮಗಳ ಹೆಸರಿನಲ್ಲಿ ಇಟ್ಟು, ಫಲವನ್ನು ತಾನೇ ಉಂಡು, ‘ನನ್ನ ವ್ರತ ಶುದ್ಧವಾಗಿದೆ’ ಎನ್ನುವವನು ಒಂದೇ ಕೃತ್ಯದಿಂದ ಪ್ರಮಾಣಾತಿಕ್ರಮವನ್ನೂ ಅಸತ್ಯವನ್ನೂ ಎಸಗುತ್ತಾನೆ.

ಫಲವಿಲ್ಲದ ಆಡಳಿತ ಎಂಬುದು ಕನ್ನಡ ನಾಡಿನ ಜೈನ ಮನೆತನಗಳಿಗೆ ಅಪರಿಚಿತವಾದದ್ದೇನೂ ಅಲ್ಲ. ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿದ್ದಾಗ ಕುಟುಂಬದ ಯಜಮಾನನು ಜೀವಮಾನವೆಲ್ಲ ಆಸ್ತಿಯನ್ನು ನೋಡಿಕೊಂಡು, ತನ್ನ ಹೆಂಡತಿ ಮಕ್ಕಳಿಗೆ ಅದು ಸಲ್ಲದೆಂದು ತಿಳಿದೂ, ಸಹೋದರಿಯರ ಸಂತತಿಗಾಗಿ ಅದನ್ನು ಕಾಯಬೇಕಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ವಿಭಾಗದ ಹಕ್ಕನ್ನು ಕೊಟ್ಟಿತು; 1956ರ ಅನಂತರ ಹಳೆಯ ಕಟ್ಟು ಕ್ರಮೇಣ ಸಡಿಲವಾಯಿತು. ಆ ಯಜಮಾನಿಕೆಯಲ್ಲಿ ಒಳ್ಳೆಯವರೂ ಇದ್ದರು, ಕೆಟ್ಟವರೂ ಇದ್ದರು. ಆದರೆ ‘ಕೈಯಲ್ಲಿದೆ, ನನ್ನದಲ್ಲ’ ಎಂಬ ಸ್ಥಿತಿಯಲ್ಲಿ ಮನುಷ್ಯನು ಬಾಳಬಲ್ಲನೆಂಬುದಕ್ಕೆ ಅದೊಂದು ಸಾಕ್ಷಿ.

ಇಷ್ಟರಿಂದ ಪರಿಗ್ರಹಪರಿಮಾಣದ ಶಂಕೆ ತೀರಿದರೂ ಪ್ರಶ್ನೆ ಮುಗಿಯುವುದಿಲ್ಲ. ನ್ಯಾಸವನ್ನು ಒಪ್ಪಿಕೊಂಡವನ ಮೇಲೆ ಉಳಿದ ಅಣುವ್ರತಗಳೂ ಹೊಸ ರೂಪದಲ್ಲಿ ಬಂದು ನಿಲ್ಲುತ್ತವೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಇವನ್ನು ದನಕರುಗಳ ಸಂದರ್ಭದಲ್ಲಿ ಮಾತ್ರ ವಿವರಿಸಿ ಮುಗಿಸುವ ವಾಡಿಕೆ ಬೆಳೆದಿದೆ. ನೆಂಟರು ಬಂದಾಗ ಬುದ್ಧಿವಿಕಲೆಯನ್ನು ಒಳಕೋಣೆಗೆ ಹಾಕಿ ಅಗುಳಿ ಜಡಿಯುವುದು ಬಂಧವಲ್ಲದೆ ಮತ್ತೇನು? ಮನೆಯವರೆಲ್ಲ ಏಕಾಶನ ಮಾಡುವ ದಿನ, ಉಪವಾಸವೆಂದರೇನೆಂದು ಅರಿಯದ ಆಕೆಗೂ ಅನ್ನವನ್ನು ತಡೆಯುವುದು ಅನ್ನಪಾನನಿರೋಧವೇ ಸರಿ. ಉಪವಾಸವು ಸ್ವಸಂಕಲ್ಪದಿಂದ ತಪವಾಗುತ್ತದೆ. ಸಂಕಲ್ಪವಿಲ್ಲದೆ ಇನ್ನೊಬ್ಬರ ಕೈಯಿಂದ ಬಂದದ್ದು ಹಸಿವು ಮಾತ್ರ. ಕುಲಾಚಾರದ ಶುದ್ಧ ಆಹಾರವನ್ನು ಆಕೆಗೂ ಕೊಡುವುದು ಬೇರೆ, ವ್ರತದ ನೆವದಲ್ಲಿ ಖರ್ಚು ಉಳಿಸುವುದು ಬೇರೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಎಂಬುದು ಈ ವಿಷಯದ ಹೃದಯವೆನ್ನಬಹುದು. ನ್ಯಾಸವೆಂದರೆ ನಂಬಿ ಇಟ್ಟ ಸೊತ್ತು. ಇಂದಿನ ಕಾನೂನಿನ ಕನ್ನಡದಲ್ಲಿ ಟ್ರಸ್ಟಿಗೆ ಇದೇ ಪದ ಬಳಕೆಯಾಗುತ್ತಿದೆ. ಇಟ್ಟದ್ದನ್ನು ಕಬಳಿಸುವುದು ಕಳ್ಳತನವಷ್ಟೆ. ಅದನ್ನು ಅಚೌರ್ಯದಲ್ಲಿ ಸೇರಿಸದೆ ಸತ್ಯವ್ರತದಲ್ಲಿ ಏಕೆ ಸೇರಿಸಿದರು ಎಂದು ಜಿಜ್ಞಾಸುಗಳು ಕೇಳುವುದುಂಟು. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಒಬ್ಬನು ಚಿನ್ನ ಮುಂತಾದುದನ್ನು ಇಟ್ಟು ಹೋಗುತ್ತಾನೆ. ಮರಳಿ ಬಂದಾಗ ಇಟ್ಟದ್ದೆಷ್ಟೆಂಬುದು ಅವನಿಗೆ ಮರೆತಿರುತ್ತದೆ. ಕಡಿಮೆ ಸಂಖ್ಯೆ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ನಿಜ ಸಂಖ್ಯೆಯನ್ನು ಬಲ್ಲವನಾದರೂ ‘ಹೌದು, ಅಷ್ಟೇ’ ಎಂದು ಒಪ್ಪಿ ಕೊಡುತ್ತಾನೆ. ಅದೇ ನ್ಯಾಸಾಪಹಾರ. ಅವನು ಯಾವ ಪೆಟ್ಟಿಗೆಯನ್ನೂ ಒಡೆಯಲಿಲ್ಲ, ಕೇಳಿದ್ದನ್ನು ಕೊಟ್ಟೂ ಕೊಟ್ಟ. ಆದರೆ ಇನ್ನೊಬ್ಬನ ಮರೆವನ್ನು ತನ್ನ ಲಾಭ ಮಾಡಿಕೊಂಡ ಆ ಒಂದು ಮಾತಿನಲ್ಲಿ ಸತ್ಯ ಸತ್ತಿತು.

ಬುದ್ಧಿವಿಕಲೆಯ ಟ್ರಸ್ಟಿಗೆ ಈ ಅತಿಚಾರ ಯಾವುದೋ ಒಂದು ದಿನ ಎದುರಾಗುವ ಪ್ರಸಂಗವಲ್ಲ. ತನ್ನ ತೋಟದಲ್ಲಿ ಈ ವರ್ಷ ಎಷ್ಟು ಕ್ವಿಂಟಲ್ ಅಡಕೆ ಆಯಿತು, ಯಾವ ದರಕ್ಕೆ ಹೋಯಿತು ಎಂದು ಆಕೆ ಎಂದಿಗೂ ಕೇಳಲಾರಳು. ಹಬ್ಬಕ್ಕೊಂದು ಸೀರೆ, ಇಷ್ಟವಾದ ಸಿಹಿತಿಂಡಿ ಸಿಕ್ಕಿದರೆ ಆಕೆಗೆ ಸಂತೋಷ. ಆಕೆಯ ಸಂತೋಷವನ್ನೇ ಲೆಕ್ಕದ ರಸೀದಿಯೆಂದು ಹಿಡಿಯುವವನು ದಿನದಿನವೂ ಆ ಅತಿಚಾರದಲ್ಲಿ ಬಾಳುತ್ತಾನೆ. ಆದ್ದರಿಂದ ಆಕೆ ಕೇಳದ ಲೆಕ್ಕವನ್ನು ಕೇಳಬಲ್ಲ ಇನ್ನೊಬ್ಬರ ಮುಂದೆ ಇಡುವುದು ಟ್ರಸ್ಟಿಯ ಸತ್ಯವ್ರತದ ಅಂಗವೇ ಆಗಿದೆ.

ರತ್ನಕರಂಡ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅಸತ್ಯಕ್ಕೆ ದೃಷ್ಟಾಂತವಾಗಿ ಹೆಸರಿಸಿರುವ ಸತ್ಯಘೋಷನ ಕಥೆಯು ಮನೆಮನೆಗೂ ತಿಳಿದದ್ದೇ. ಸುಳ್ಳಾಡಿದರೆ ನಾಲಗೆ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡಿದ್ದ ಪುರೋಹಿತನವನು. ವರ್ತಕನೊಬ್ಬನು ರತ್ನಗಳನ್ನು ಅವನಲ್ಲಿ ಇಟ್ಟು ಸಮುದ್ರಯಾನಕ್ಕೆ ಹೋಗಿ, ಹಡಗು ಒಡೆದು ದರಿದ್ರನಾಗಿ ಮರಳಿ ಕೇಳಿದಾಗ, ನಷ್ಟದಿಂದ ಇವನಿಗೆ ಹುಚ್ಚು ಹಿಡಿದಿದೆ ಎಂದುಬಿಟ್ಟನು. ಊರು ನಂಬಿತು. ಹುಚ್ಚನೆನಿಸಿಕೊಂಡವನ ಕೂಗನ್ನು ತಿಂಗಳುಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಮಾತನ್ನು ದಿನವೂ ಹೇಳುವವನು ಹುಚ್ಚನಲ್ಲವೆಂದು ರಾಣಿ ರಾಮದತ್ತೆಯು ಅನುಮಾನಿಸಿ ಉಪಾಯದಿಂದ ನಿಜವನ್ನು ಹೊರಗೆಡಹಿದಳು. ರಾಜನ ರತ್ನಗಳೊಡನೆ ಬೆರೆಸಿ ಮುಂದಿಟ್ಟಾಗ ವರ್ತಕನು ತನ್ನವನ್ನು ಮಾತ್ರ ಆರಿಸಿಕೊಂಡನು. ಈ ಕಥೆಯನ್ನು ಸುಳ್ಳಿನ ಶಿಕ್ಷೆಗಾಗಿ ಹೇಳುವುದು ರೂಢಿ. ಆದರೆ ಗಮನಿಸಬೇಕಾದದ್ದು ಇನ್ನೊಂದಿದೆ. ಬುದ್ಧಿಯಿಲ್ಲದವನೆಂದು ಒಮ್ಮೆ ಹೆಸರಿಟ್ಟರೆ ಅವನ ನ್ಯಾಯವಾದ ಮಾತಿಗೂ ಬೆಲೆಯಿಲ್ಲದಂತಾಗುತ್ತದೆ. ಪ್ರತಿಷ್ಠೆಯುಳ್ಳವನ ಸುಳ್ಳು ನಡೆದುಹೋಗುತ್ತದೆ. ವ್ರತಿಯೆಂಬ ಹೆಸರೇ ಒಂದು ಪ್ರತಿಷ್ಠೆ. ‘ಅವರು ವ್ರತಿಗಳು, ಅವರಿಗೆ ಲೆಕ್ಕ ಕೇಳುವುದೆ?’ ಎಂದು ಬಂಧುಗಳು ಸುಮ್ಮನಾದರೆ ಆ ಗೌರವವೇ ಸತ್ಯಘೋಷನ ಕತ್ತಿಯಾಗುತ್ತದೆ.

ಅಚೌರ್ಯದ ವಿಷಯದಲ್ಲಿ ಶ್ರಾವಕನ ವ್ರತವೂ ದೇಶದ ಕಾನೂನೂ ಬಹುಮಟ್ಟಿಗೆ ಜೊತೆಯಾಗಿ ನಡೆಯುತ್ತವೆ. 1882ರ ಅಧಿನಿಯಮದ ಪ್ರಕಾರ ಟ್ರಸ್ಟಿಯು ನ್ಯಾಸದ ಸೊತ್ತನ್ನು ತನ್ನ ಲಾಭಕ್ಕೆ ಬಳಸುವಂತಿಲ್ಲ. ಮಾರಾಟ ಮಾಡುವ ಹೊಣೆ ತನ್ನದಾಗಿದ್ದರೆ ಅದನ್ನು ತಾನೇ ಕೊಳ್ಳುವಂತಿಲ್ಲ. ನ್ಯಾಸಪತ್ರದಲ್ಲಿ ಹೇಳದ ಹೊರತು ಶ್ರಮಕ್ಕೆ ಸಂಬಳ ಪಡೆಯುವಂತಿಲ್ಲ; ನ್ಯಾಯವಾಗಿ ಮಾಡಿದ ಖರ್ಚನ್ನು ಮಾತ್ರ ಹಿಂಪಡೆಯಬಹುದು. ಇಲ್ಲಿ ಎಡವುವುದು ದೊಡ್ಡ ಮೊತ್ತದಿಂದಲ್ಲ. ಮಗನ ಕಾಲೇಜಿನ ಶುಲ್ಕಕ್ಕೆ ಹದಿನೈದು ದಿನದ ಕೈಗಡ, ತನ್ನ ತೋಟದ ಗೊಬ್ಬರದ ಜೊತೆಗೆ ಆಕೆಯ ತೋಟದ ಗೊಬ್ಬರದ ಒಂದೇ ಬಿಲ್ಲು, ಆಕೆಯ ಮನೆಯ ಒಂದು ಕೋಣೆಯಲ್ಲಿ ತನ್ನ ಅಡಕೆ ಮೂಟೆಗಳು, ಹೀಗೆಯೇ ಬೆರಕೆ ಆರಂಭವಾಗುತ್ತದೆ. ಬಸದಿಯಲ್ಲಿ ಅರ್ಪಿಸಿದ ದ್ರವ್ಯವು ನಿರ್ಮಾಲ್ಯವಾದ ಮೇಲೆ ಶ್ರಾವಕನು ಅದನ್ನು ಮನೆಗೆ ಒಯ್ಯುವುದಿಲ್ಲ. ಒಂದು ಹಿಡಿ ಅಕ್ಕಿಯಾದರೂ ಅವನ ಕೈ ಹಿಂಜರಿಯುತ್ತದೆ. ನ್ಯಾಸದ್ರವ್ಯದ ಬಗೆಗೂ ಕೈಗೆ ಅದೇ ಹಿಂಜರಿಕೆ ಅಭ್ಯಾಸವಾಗಬೇಕು.

ದಾನದ ವಿಷಯದಲ್ಲಿಯೂ ಭ್ರಮೆಗೆ ಅವಕಾಶವಿದೆ. ಪಂಚಕಲ್ಯಾಣ ಬಂತು, ಮಹಾಮಸ್ತಕಾಭಿಷೇಕ ಬಂತು. ‘ಪಾಪ, ಆಕೆಗೂ ಪುಣ್ಯ ಬರಲಿ’ ಎಂದು ಆಕೆಯ ಠೇವಣಿಯಿಂದ ಒಂದು ಕಲಶಕ್ಕೆ ಹಣ ಕೊಡುವ ಮನಸ್ಸಾಗುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವುದು ಮನೆತನದ ಹೆಸರು. ತತ್ತ್ವಾರ್ಥಸೂತ್ರದ ದಾನಲಕ್ಷಣದಲ್ಲಿ ‘ತನ್ನದನ್ನು’ ಕೊಡುವುದೆಂಬ ಅಂಶ ಸ್ಪಷ್ಟವಾಗಿದೆ. ಪರರದ್ದನ್ನು ಕೊಡುವುದು ದಾನವಾಗದು. ಆಕೆಗೆ ಬಸದಿಯ ಮೇಲೆ ಪ್ರೀತಿಯಿದ್ದು, ಆರತಿಯ ತಟ್ಟೆಗೆ ಹಾಕಲು ನಾಣ್ಯ ಕೇಳಿದರೆ ಅದನ್ನು ಧಾರಾಳವಾಗಿ ಕೊಡಬೇಕು. ಆ ನಾಣ್ಯವು ಆಕೆಯ ದಾನ.

ಇನ್ನು ಸಾಧುಸ್ವಭಾವದವರನ್ನೇ ಹಿಡಿಯುವ ದೋಷವೊಂದಿದೆ. ಟ್ರಸ್ಟಿಯು ಒಂದು ಕಾಸನ್ನೂ ಮುಟ್ಟುವುದಿಲ್ಲ. ಆದರೆ ಖರ್ಚು ಮಾಡಲೂ ಬಿಡುವುದಿಲ್ಲ. ಹಲ್ಲುನೋವಿಗೆ ಒಳ್ಳೆಯ ವೈದ್ಯರ ಬಳಿ ಕರೆದೊಯ್ಯಲು, ಕೈಕೆಲಸ ಕಲಿಸುವ ಶಾಲೆಗೆ ಕಳಿಸಲು, ಜೊತೆಗಿದ್ದು ನೋಡಿಕೊಳ್ಳುವ ಹೆಂಗಸಿಗೆ ತಕ್ಕ ಸಂಬಳ ಕೊಡಲು ‘ಗಂಟು ಕರಗೀತು’ ಎಂದು ಹಿಂದೆಗೆಯುತ್ತಾನೆ. ಹತ್ತು ವರ್ಷದಲ್ಲಿ 18 ಲಕ್ಷ 30 ಲಕ್ಷವಾಯಿತೆಂದು ಬಂಧುಗಳು ಹೊಗಳುತ್ತಾರೆ. ಆ 30 ಲಕ್ಷ ಕೊನೆಗೆ ಯಾರಿಗೆ ಸಲ್ಲುತ್ತದೆ? ಆಕೆಯ ಅನಂತರ ಬರುವ ವಾರಸುದಾರರಿಗೆ. ಅವರಲ್ಲಿ ಟ್ರಸ್ಟಿಯ ಮಕ್ಕಳೂ ಇರಬಹುದು. ಇನ್ನೊಬ್ಬರ ಭೋಗೋಪಭೋಗಗಳಿಗೆ ವಿಘ್ನ ಮಾಡುವುದು ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೆಂದು ಆಗಮವು ಹೇಳುತ್ತದೆ. ಸಮಂತಭದ್ರಾಚಾರ್ಯರು ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಅತಿಲೋಭವನ್ನೂ ಎಣಿಸಿದ್ದಾರೆ. ಸಂಗ್ರಹವು ಪರರ ಹೆಸರಿನಲ್ಲಿ ನಡೆದ ಮಾತ್ರಕ್ಕೆ ಲೋಭವು ಪರರದ್ದಾಗುವುದಿಲ್ಲ.

ಇದಕ್ಕೆ ಎದುರಾದ ಇನ್ನೊಂದು ತಪ್ಪು ವೈರಾಗ್ಯದ ವೇಷದಲ್ಲಿ ಬರುತ್ತದೆ. ವ್ರತಿಯು ತನ್ನ ತೋಟದ ಬೇಲಿ ಮುರಿದರೆ ‘ಹೋಗಲಿ’ ಎನ್ನಬಹುದು. ತನಗೆ ಬರಬೇಕಾದ ಸಾಲವನ್ನು ಬಿಟ್ಟುಕೊಡಬಹುದು. ಅದು ಅವನ ನಿರ್ಮಮತೆ. ಆಕೆಯ ತೋಟದ ಬೇಲಿ ಮುರಿದಾಗಲೂ ಹಾಗೆಯೇ ಅಂದರೆ ಅದು ಪ್ರಮಾದ. ಸಾಮಾನ್ಯ ವಿವೇಕವುಳ್ಳವನು ತನ್ನ ಸೊತ್ತಿನಲ್ಲಿ ತೋರುವಷ್ಟು ಎಚ್ಚರವನ್ನು ಟ್ರಸ್ಟಿಯು ನ್ಯಾಸದ ಸೊತ್ತಿನಲ್ಲಿ ತೋರಬೇಕೆಂದು ಕಾನೂನು ವಿಧಿಸಿದೆ. ವ್ರತಿಯು ತನ್ನ ಸೊತ್ತಿನಲ್ಲಿ ತೋರುವುದಕ್ಕಿಂತ ಹೆಚ್ಚಿನ ಎಚ್ಚರವನ್ನು ಇಲ್ಲಿ ತೋರಬೇಕಾಗುತ್ತದೆ. ಒಂದೇ ಮನಸ್ಸು ಒಂದು ಕಡೆ ಸಡಿಲವಾಗಿ, ಇನ್ನೊಂದು ಕಡೆ ಬಿಗಿಯಾಗಿ ಇರಬೇಕು. ಇದು ಸುಲಭವಲ್ಲ.

ಹಾಗಾದರೆ ನಿರಾಕರಿಸುವುದು ಯಾವಾಗ ಧರ್ಮ್ಯ? ಎಂಟನೆಯ ಆರಂಭತ್ಯಾಗ, ಒಂಬತ್ತನೆಯ ಪರಿಗ್ರಹತ್ಯಾಗ, ಹತ್ತನೆಯ ಅನುಮತಿತ್ಯಾಗ ಪ್ರತಿಮೆಗಳನ್ನು ಧರಿಸಿದವನು ಈ ಹೊಣೆಯನ್ನು ಒಪ್ಪಲು ಬಾರದು. ಮನೆಯ ವ್ಯವಹಾರಕ್ಕೆ ಒಪ್ಪಿಗೆಯನ್ನೂ ಕೊಡದವನು ತೋಟದ ಗುತ್ತಿಗೆಗೆ ಹೇಗೆ ಸಹಿ ಹಾಕಿಯಾನು? ಸಾಲದಲ್ಲಿ ಮುಳುಗಿದವನು, ಆಕೆಯ ಪಾಲಿನ ಬಗ್ಗೆ ತಾನೇ ತಕರಾರು ಹೂಡಿದವನು ಅಥವಾ ಹೂಡುವ ಮನಸ್ಸುಳ್ಳವನು ದೂರ ಉಳಿಯಬೇಕು. ನೆರವಾಗುವವನ ಹಿತಕ್ಕೂ ವಿಕಲಚೇತನರ ಹಿತಕ್ಕೂ ಒಂದು ವ್ಯವಹಾರದಲ್ಲಿ ಘರ್ಷಣೆ ಉಂಟಾದರೆ ಆ ವ್ಯವಹಾರದಿಂದ ಅವನು ಹಿಂದೆ ಸರಿಯಬೇಕೆಂದು 2016ರ ಅಧಿನಿಯಮವೂ ಹೇಳುತ್ತದೆ. ಆಕೆಯ ಸೊತ್ತಿನಲ್ಲಿ ಮದ್ಯದಂಗಡಿಗೆ ಬಾಡಿಗೆಗೆ ಕೊಟ್ಟ ಕಟ್ಟಡವೊಂದಿದ್ದರೆ ವ್ರತಿಯು ಮೊದಲೇ ಮಾತು ತೆಗೆಯಬೇಕು. ಕೃತ, ಕಾರಿತ, ಅನುಮತ ಎಂಬ ಮೂರೂ ಬಗೆಯಲ್ಲಿ ಪಾಪವನ್ನು ಎಣಿಸುವ ಧರ್ಮದಲ್ಲಿ, ಆ ಬಾಡಿಗೆಯನ್ನು ಇನ್ನೊಬ್ಬರಿಗಾಗಿ ಎಣಿಸಿಕೊಂಡೆನೆಂಬುದು ಸಮಾಧಾನವಾಗದು. ಅಣ್ಣನು ಬದುಕಿರುವಾಗಲೇ ಅದನ್ನು ಬದಲಾಯಿಸಲು ಕೇಳಬಹುದು. ಆಮೇಲೆ ಕೇಳುವುದಕ್ಕೆ ಯಾರೂ ಇರುವುದಿಲ್ಲ.

ಆದರೆ ವ್ರತವನ್ನು ಗುರಾಣಿ ಮಾಡಿಕೊಳ್ಳುವುದು ಸಲ್ಲದು. ಮಕ್ಕಳ ಅಂಗಡಿಯ ಲಾಭದಲ್ಲಿ ಪಾಲು ಪಡೆಯುತ್ತಾ, ಮದುವೆ ಮಾತುಕತೆಗಳಲ್ಲಿ ಮುಂದಾಳಾಗಿ ಕೂರುತ್ತಾ, ಅಣ್ಣನ ಮಗಳ ಪ್ರಶ್ನೆ ಬಂದಾಗ ಮಾತ್ರ ‘ನಾನು ನಿವೃತ್ತ’ ಎನ್ನುವವನು ತ್ಯಜಿಸಿದ್ದು ತೊಂದರೆಯನ್ನೇ ಹೊರತು ಪರಿಗ್ರಹವನ್ನಲ್ಲ.

ನಿರಾಕರಣೆಗೂ ಒಂದು ವಿಧಿಯಿದೆ. ನ್ಯಾಸವನ್ನು ಒಪ್ಪಲೇಬೇಕೆಂಬ ಬಲವಂತ ಯಾರ ಮೇಲೂ ಇಲ್ಲ, ತಕ್ಕ ಕಾಲದೊಳಗೆ ಬೇಡವೆನ್ನಬಹುದು ಎಂದು 1882ರ ಅಧಿನಿಯಮದ 10ನೆಯ ಪ್ರಕರಣ ಹೇಳುತ್ತದೆ. ಒಪ್ಪಿದ ಮೇಲಾದರೋ 46ನೆಯ ಪ್ರಕರಣದಂತೆ ತನ್ನಿಷ್ಟಕ್ಕೆ ಬಿಡುವಂತಿಲ್ಲ. ನ್ಯಾಯಾಲಯದ ಅನುಮತಿ ಬೇಕು, ಇಲ್ಲವೆ ನ್ಯಾಸಪತ್ರದಲ್ಲಿಯೇ ಅಧಿಕಾರವಿರಬೇಕು, ಇಲ್ಲವೆ ಒಪ್ಪಂದ ಮಾಡಲು ಸಮರ್ಥನಾದ ಫಲಾನುಭವಿಯ ಸಮ್ಮತಿ ಬೇಕು. ವ್ರತಗ್ರಹಣವನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ಗುರುಗಳು ಶ್ರಾವಕನನ್ನು ಮೊದಲು ಕೇಳುವುದು ಶಕ್ತಿಯುಂಟೆ ಎಂದು. ಕೈಗೊಳ್ಳದಿರುವುದರಲ್ಲಿ ಭಂಗವಿಲ್ಲ, ಕೈಗೊಂಡು ಬಿಡುವುದರಲ್ಲಿ ಭಂಗವಿದೆ. ಆದಕಾರಣ ‘ನೋಡೋಣ’ ಎಂದು ವರ್ಷಗಟ್ಟಲೆ ಕಾಲ ತಳ್ಳುವುದೇ ಇಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಒಲ್ಲದವನು ಅಣ್ಣನ ಪ್ರಜ್ಞೆ ಇರುವಾಗಲೇ ಒಲ್ಲೆನೆಂದು ಹೇಳಿ, ತಕ್ಕವರನ್ನು ಹುಡುಕಿಕೊಡಬೇಕು. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಉಳ್ಳವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಲ್ಲಿ ಸ್ಥಳೀಯ ಮಟ್ಟದ ಸಮಿತಿಯ ಮೂಲಕ ಪಾಲಕರನ್ನು ನೇಮಿಸುವ ಏರ್ಪಾಡಿದೆ. ವಯಸ್ಕರಾದವರಿಗೂ ಅದು ಅನ್ವಯಿಸುತ್ತದೆ. ಅಲ್ಲಿ ಸೊತ್ತು ಆಕೆಯ ಹೆಸರಿನಲ್ಲೇ ಉಳಿಯುವುದರಿಂದ, ಕಾಗದದ ಒಡೆತನಕ್ಕೂ ಅಂಜುವ ವ್ರತಿಗೆ ಆ ದಾರಿ ಹೆಚ್ಚು ಸಮ್ಮತವಾಗಬಹುದು. ನೇಮಕವಾದ 6 ತಿಂಗಳೊಳಗೆ ಸೊತ್ತಿನ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕವನ್ನೂ ಪಾಲಕನು ಒಪ್ಪಿಸಬೇಕು. ಟ್ರಸ್ಟಿಯಾದವನು ಈ ಅವಧಿಗಳನ್ನು ತಾನಾಗಿ ನಿಯಮವಾಗಿ ಸ್ವೀಕರಿಸಿದರೆ ಒಳ್ಳೆಯದು.

ಒಪ್ಪಿಕೊಳ್ಳುವವನು ಇನ್ನೂ ಕೆಲವು ನಿಯಮಗಳನ್ನು ಅಣ್ಣನೊಡನೆ ಕುಳಿತು ಬರೆಯಿಸಿಕೊಳ್ಳಬೇಕು. ಒಬ್ಬನೇ ಟ್ರಸ್ಟಿಯಾಗದೆ ಇನ್ನೊಬ್ಬರು ಜೊತೆಗಿರಬೇಕು. ಅವರು ತನ್ನ ಮನೆಯವರಾಗಿರಬಾರದು. ಬ್ಯಾಂಕಿನ ಖಾತೆ ಪ್ರತ್ಯೇಕವಾಗಿರಬೇಕು. ಒಂದು ದಿನದ ಮಟ್ಟಿಗೂ ಕೈಗಡವಿಲ್ಲ. ದಶಲಕ್ಷಣ ಪರ್ವ ಬರುವ ಮೊದಲು ವರ್ಷದ ಲೆಕ್ಕವನ್ನು ಬಂಧುಗಳ ಮುಂದೆ ಓದಬೇಕು. ಉತ್ತಮ ಕ್ಷಮೆಯನ್ನು ಕೇಳುವ ಬಾಯಿಗೆ ಆ ಓದು ಒಂದು ಪೂರ್ವಸಿದ್ಧತೆ. ಮಾತಿನಲ್ಲೋ ಸನ್ನೆಯಲ್ಲೋ ಆಕೆಗೆ ತಿಳಿಯುವಷ್ಟನ್ನು ಆಕೆಯನ್ನೇ ಕೇಳಬೇಕು: ಯಾರ ಜೊತೆ ಇರಲು ಇಷ್ಟ, ಯಾವ ಊಟ ಇಷ್ಟ, ಯಾವುದಕ್ಕೆ ಭಯ. 2016ರ ಅಧಿನಿಯಮವು ಮಿತ ಪಾಲಕತ್ವವನ್ನು ಹೇಳುವಾಗ ಪಾಲಕರೂ ವಿಕಲಚೇತನರೂ ಕೂಡಿ ನಿರ್ಧರಿಸುವುದನ್ನೇ ಅದರ ಲಕ್ಷಣವಾಗಿ ಇಟ್ಟಿದೆ. ಕೊನೆಯದಾಗಿ, ತನ್ನ ಅನಂತರ ಯಾರು ಎಂಬುದನ್ನು ಮೊದಲ ದಿನವೇ ಬರೆದಿಡಬೇಕು. ಅರವತ್ತರ ಚಿಕ್ಕಪ್ಪನು ಮೂವತ್ತೈದರ ಮಗಳಿಗಿಂತ ಮುಂಚೆ ಹೋಗುವುದೇ ಸಹಜ.

ಇಷ್ಟಾದ ಮೇಲೂ ಒಂದು ನಷ್ಟ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಈ ಹೊಣೆ ಹೊತ್ತ ತಮ್ಮನು ಪರಿಗ್ರಹತ್ಯಾಗದ ಪ್ರತಿಮೆಗೆ ಏರುವುದನ್ನು ಹತ್ತು ವರ್ಷ ಮುಂದೂಡಬೇಕಾಗಬಹುದು; ಆಯುಷ್ಯ ಸಾಲದೆ ಹೋಗಲೂಬಹುದು. ಭಾರವನ್ನು ಯೋಗ್ಯರಿಗೆ ಒಪ್ಪಿಸಿದ ಮೇಲೆಯೇ ಅವನು ಆ ಮೆಟ್ಟಿಲನ್ನು ಏರಬಲ್ಲನು; ಎರಡನ್ನೂ ಒಟ್ಟಿಗೆ ಹಿಡಿಯಲಾರನು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಲಾಗಿದೆ. ಶಕ್ತಿಯ ಲೆಕ್ಕದಲ್ಲಿ ದೇಹಬಲದ ಜೊತೆಗೆ, ತನ್ನನ್ನು ನಂಬಿರುವವರ ಸ್ಥಿತಿಯೂ ಸೇರುತ್ತದೆ. ಮೇಲಿನ ಪ್ರತಿಮೆಯ ಭಾವನೆಯನ್ನು ಉಳಿಸಿಕೊಂಡು ಕೆಳಗಿನ ಪ್ರತಿಮೆಯ ವ್ರತವನ್ನು ನಿರತಿಚಾರವಾಗಿ ನಡೆಸುವವನು ಹಿಂದೆ ಬಿದ್ದವನಲ್ಲ.

ವ್ರತಪ್ರತಿಮೆಯಲ್ಲಿರುವ, ಹಿತಘರ್ಷಣೆಯಿಲ್ಲದ, ಲೆಕ್ಕ ಬರೆಯಬಲ್ಲ ಶ್ರಾವಕನು ಇಂತಹ ನ್ಯಾಸವನ್ನು ಒಪ್ಪಿಕೊಳ್ಳುವುದೇ ಯುಕ್ತವೆಂದು ಇದರಿಂದ ತೋರುತ್ತದೆ. ಪರಿಗ್ರಹಪರಿಮಾಣ ವ್ರತವು ಅವನಿಗೆ ಅಡ್ಡಿಯಲ್ಲ, ಅವನ ಅರ್ಹತೆ. ತನಗೆ ಇಷ್ಟೇ ಸಾಕೆಂದು ಗೆರೆ ಎಳೆದುಕೊಂಡವನ ಕೈಯಲ್ಲಲ್ಲದೆ ಇನ್ನಾರ ಕೈಯಲ್ಲಿ ಅಣ್ಣನು ಆ ಮಗಳನ್ನು ಬಿಟ್ಟು ನಿಶ್ಚಿಂತೆಯಿಂದ ಕಣ್ಣು ಮುಚ್ಚಿಯಾನು? ಆ ಗೆರೆಯನ್ನು ದಿನವೂ ನೋಡಿಕೊಳ್ಳುವುದು ಮಾತ್ರ ತಮ್ಮನ ಕೆಲಸ. ಭವ್ಯಜೀವಿಗಳು ಈ ವಿಷಯವನ್ನು ತಮ್ಮ ತಮ್ಮ ಮನೆಗಳಲ್ಲಿ, ಹಿರಿಯರು ಬದುಕಿರುವಾಗಲೇ, ಮಾತಿಗೆ ತರುವುದು ಶ್ರೇಯಸ್ಕರ.